ಮೂರನೇ ಬಟ್ಟಲಿಗೆ ಬೇಡ ಎಂದದ್ದು

ದ್ರಂಗ್, ತಂಗಮರ್ಗ್
ಫೆಬ್ರವರಿ ೧೬, ಸೋಮವಾರ ಮಧ್ಯಾಹ್ನ

ಇನ್ಶಾಳ ಅಪ್ಪನಿಗೆ ಮುಬೀನಾಳ ಸಲಾಮ್.

ಮನೆಯಲ್ಲಿ ಯಾರಿಗೂ ಜ್ವರವಿಲ್ಲ, ಛಾವಣಿ ಸೋರಿಲ್ಲ, ಆಕಳು ಹಾಲು ಕೊಡುತ್ತಿದೆ. ಆದ್ದರಿಂದ ನಜೀರ್ ಈ ಲಕೋಟೆ ಕೈಗಿಟ್ಟಾಗ ಗಾಬರಿಯಾಗಬೇಡಿ. ಅವನು ನಾಳೆ ಬೆಳಿಗ್ಗೆ ಎರಡು ಗಂಟು ಶಾಲು ಹೊತ್ತು ಜಮ್ಮುವಿಗೆ ಇಳಿಯುತ್ತಾನೆ. ರೈಲು ತಡವಾಗದಿದ್ದರೆ ಗುರುವಾರ ಕಲ್ಕತ್ತದ ನಿಮ್ಮ ಕೋಣೆಯಲ್ಲಿರುತ್ತಾನೆ. ಶನಿವಾರಕ್ಕೆ ಮುಂಚೆ ಇದು ನಿಮ್ಮ ಕೈ ಸೇರಬೇಕು ಅಂತಲೇ ಅವನ ಹೆಂಡತಿಯನ್ನು ಕಾಡಿಬೇಡಿ ಒಪ್ಪಿಸಿದ್ದೇನೆ.

ಫೋನಿರುವಾಗ ಕಾಗದ ಯಾಕೆ ಎಂದು ಕೇಳುತ್ತೀರಿ. ನಾನು ಹಿಮ ಎಂದು ಬಾಯಿ ತೆರೆದ ಕೂಡಲೇ ನೀವು ಗಿರಾಕಿ ಬಂದರು ಅನ್ನುತ್ತೀರಿ. ಕಲ್ಕತ್ತದಲ್ಲಿ ಅಷ್ಟು ಜನ ಶಾಲು ಕೊಳ್ಳುವವರಿದ್ದರೆ ನಾವು ಇಷ್ಟು ಹೊತ್ತಿಗೆ ಶ್ರೀನಗರದಲ್ಲಿ ಬಂಗಲೆ ಕಟ್ಟಿಸಿರುತ್ತಿದ್ದೆವು. ಕಾಗದವಾದರೆ ಅರ್ಧಕ್ಕೆ ಕತ್ತರಿಸಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ನೀವು ಹಾಗೆ ಮಾಡುವವರಲ್ಲ.

ವಿಷಯ ಇಷ್ಟು. ಶನಿವಾರ ಸ್ಕೀ ಗೈಡುಗಳ ಸಂಘದ ಸಭೆ ಇದೆ. ನಿಮ್ಮ ಜಾಗ, ಅಂದರೆ ನಮ್ಮ ತಂಡದ ಮುಂದಾಳಿನ ಜಾಗ, ನನಗೆ ಕೊಡಬೇಕೆಂದು ಅಹದ್ ಕಾಕ ನಿಶ್ಚಯಿಸಿದ್ದಾರೆ. ಮೂವತ್ತು ವರ್ಷ ಸಂಘ ನಡೆಸಿದ ಮನುಷ್ಯ, ಹೆಂಗಸೊಬ್ಬಳು ಮುಂದೆ ನಿಂತು ಪರದೇಶದವರನ್ನು ಬೆಟ್ಟ ಇಳಿಸುವುದಕ್ಕೆ ತಾವಾಗಿಯೇ ಹೂಂ ಅಂದಿದ್ದಾರೆ. ಅದೂ ಸಂಘದ ಎದುರಿಗೆ, "ಇವಳ ಕಾಲಿಗೆ ಕಿವಿ ಇದೆ ಕಣ್ರೋ, ನಿಮಗೆ ತಲೆಗೂ ಇಲ್ಲ," ಎಂದು ಎಲ್ಲರನ್ನೂ ಬೈದು. ನಾನು ತಲೆ ತಗ್ಗಿಸಿ ಕೂತಿದ್ದೆ. ಅದನ್ನು ನಾಚಿಕೆ ಅಂದುಕೊಂಡರು.

ಆ ಜಾಗದಲ್ಲಿ ಕೂರುವ ಮುಂಚೆ ನಿಮಗೆ ಒಂದು ಮಾತು ಹೇಳಲೇಬೇಕು. ಆಮೇಲೆ ಹೇಳಿದರೆ ಪ್ರಯೋಜನವಿಲ್ಲ.

ಜನವರಿ ಹದಿನಾಲ್ಕರ ದಿನವನ್ನು ಮೊದಲಿಂದ ಬರೆಯುತ್ತೇನೆ. ನೀವೂ ಅಲ್ಲೇ ಇದ್ದಿರಿ ನಿಜ, ಆದರೆ ನೀವು ಸಾಲಿನ ಮುಂದಿದ್ದಿರಿ, ನಾನು ಹಿಂದಿದ್ದೆ. ಹಿಂದಿನಿಂದ ಕಾಣುವುದು ಬೇರೆ. ಹನ್ನೊಂದು ಚಳಿಗಾಲ ನಿಮ್ಮ ತಂಡದ ಬಾಲವಾಗಿ ಇಳಿದವಳಿಗೆ ಅದು ಗೊತ್ತು. ಮುಂದಾಳು ಮುಟ್ಟದ ಹಿಮದ ಮೇಲೆ ಇಳಿಯುತ್ತಾನೆ, ಅವನ ಹಿಂದೆ ದುಡ್ಡು ಕೊಟ್ಟವರು, ಎಲ್ಲರ ಹಿಂದೆ ಬಾಲ. ಬಿದ್ದವರನ್ನು ಎಬ್ಬಿಸುವುದು, ಕಳಚಿದ ಸ್ಕೀ ಹುಡುಕಿಕೊಡುವುದು, ಅತ್ತವರಿಗೆ ಚಾಕಲೇಟ್ ಕೊಡುವುದು. ಅಷ್ಟೆಲ್ಲ ಆದ ಮೇಲೆ, ಐದು ಜನ ಉತ್ತು ಹಾಕಿದ ಹಿಮದಲ್ಲಿ ತಾನು ಇಳಿಯುವುದು.

ಆ ದಿನ ಸ್ವೀಡನ್ನಿನ ನಾಲ್ವರಿದ್ದರು. ಇಬ್ಬರು ಸ್ಕೀಯವರು, ಇಬ್ಬರು ಒಂದೇ ಹಲಗೆಯ ಮೇಲೆ ನಿಂತು ಜಾರುವವರು. ಅವರಲ್ಲಿ ಉಲ್ರಿಕ್ ಅನ್ನುವ ಉದ್ದನೆಯವನು ಗೊಂಡೋಲದ ತೂಗುಪೆಟ್ಟಿಗೆಯಲ್ಲಿ ಕೂತಲ್ಲಿಂದಲೇ ಕಾಲು ಕುಣಿಸುತ್ತಿದ್ದ. ಮೂರು ದಿನ ಬಿದ್ದ ಹಿಮ ಹಿಂದಿನ ಸಂಜೆ ನಿಂತಿತ್ತು, ಸೊಂಟದ ತನಕ ಪುಡಿ. ಮೇಲಿನ ನಿಲ್ದಾಣದಲ್ಲಿ ಇಳಿದು, ಬೆಟ್ಟದ ಏಣಿನ ಮೇಲೆ ನಡೆದು, ಬಟ್ಟಲಿನಂತೆ ತಗ್ಗಾದ ಇಳಿಜಾರುಗಳಲ್ಲಿ ಮೂರನೆಯದರ, ನಮ್ಮ ಮೂರನೇ ಬಟ್ಟಲಿನ, ಅಂಚಿಗೆ ಹೋದೆವು. ಹಿಮ ಕುಸಿಯುವಂತಿದೆಯೇ ಎಂದು ನೋಡಲು ನೀವು ಗುಂಡಿ ತೋಡಿದಿರಿ. ಹಿಮದ ಕಂಬ ಕಡಿದು, ಅದರ ಮೇಲೆ ಸಲಿಕೆ ಇಟ್ಟು, ಮಣಿಕಟ್ಟಿನಿಂದ ಹತ್ತು ಪೆಟ್ಟು, ಮೊಣಕೈಯಿಂದ ಹತ್ತು ಪೆಟ್ಟು. ಕಂಬ ಅಲ್ಲಾಡಲಿಲ್ಲ. ಭುಜದಿಂದ ಹೊಡೆಯಲು ಶುರುಮಾಡಿ ಮೂರನೆಯದಕ್ಕೆ ಮುರಿಯಿತು, ಅದೂ ಒರಟಾಗಿ, ಅಂದರೆ ಪದರಗಳು ಹಿಡಿದುಕೊಂಡಿವೆ, ಇಳಿಯಬಹುದು. ಸ್ವೀಡನ್ನಿನವರಿಗೆ ನೀವು ಅದನ್ನೆಲ್ಲ ತೋರಿಸಿಕೊಟ್ಟಿರಿ. ಒಳ್ಳೆಯ ಗುಂಡಿ ಅದು. ಆಗಲೂ ಹಾಗೇ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಆಮೇಲೆ ನಮ್ಮ ಪದ್ಧತಿಯಂತೆ ಒಬ್ಬೊಬ್ಬರ ಮಾತು ಕೇಳಿದಿರಿ. ಇಳಿಯುವ ಮುಂಚೆ ಎಲ್ಲರೂ ಹೂಂ ಅನ್ನಬೇಕು. ಒಬ್ಬರು ಬೇಡ ಅಂದರೂ ಇಳಿಯುವಂತಿಲ್ಲ, ಬೇಡ ಅಂದವರನ್ನು ಯಾಕೆ ಎಂದು ಕೇಳುವಂತಿಲ್ಲ. ಅಹದ್ ಕಾಕರ ಉಸ್ತಾದರು ಹಾಕಿಕೊಟ್ಟ ಕಟ್ಟಳೆ. ಯಾಕೆ ಎಂದು ಕೇಳಿದರೆ ಜನ ನಾಚಿಕೊಂಡು ಬಾಯಿ ಮುಚ್ಚುತ್ತಾರೆ, ಬಾಯಿ ಮುಚ್ಚಿದವರ ಹೆಣ ಏಪ್ರಿಲ್‌ನಲ್ಲಿ ಸಿಗುತ್ತದೆ ಎಂದು ಅವರು ಹೇಳುತ್ತಿದ್ದರಂತೆ. ನಾಲ್ವರೂ ಸರಿ ಅಂದರು. ಉಲ್ರಿಕ್ ಎರಡು ಸಲ ಅಂದ. ನೀವು ಬಗ್ಗಿ ಸ್ಕೀಗೆ ಬೂಟು ಸಿಕ್ಕಿಸುತ್ತ ನನ್ನನ್ನು ಕೇಳಿದಿರಿ.

"ಏನಮ್ಮಾ ಬಾಲ, ಸರೀನಾ?"

"ಬೇಡ," ಅಂದೆ.

ನಿಮ್ಮ ಬೂಟು ಅರ್ಧಕ್ಕೆ ನಿಂತಿತು. ತಲೆ ಎತ್ತಿ ನೋಡಿದಿರಿ. ಒಂದು ಮಾತು ಕೇಳಲಿಲ್ಲ. ಸ್ಕೀ ಎತ್ತಿ ಹೆಗಲಿಗೆ ಹಾಕಿಕೊಂಡು, ಗೊಣಗುತ್ತಿದ್ದ ಉಲ್ರಿಕ್‌ನ ಬೆನ್ನು ತಟ್ಟಿ, ಎಲ್ಲರನ್ನೂ ಏಣಿನ ದಾರಿಯಲ್ಲೇ ಹಿಂದಕ್ಕೆ ನಡೆಸಿ, ಪೈನ್ ಮರಗಳ ನಡುವಿನ ಸಪ್ಪೆ ಇಳಿಜಾರಿನಲ್ಲಿ ಇಳಿಸಿದಿರಿ. ಅಂಥ ಮುಂದಾಳು ಈ ಬೆಟ್ಟದಲ್ಲಿ ಇನ್ನೊಬ್ಬನಿಲ್ಲ. ಇದನ್ನು ನಿಮ್ಮ ಮುಖದೆದುರು ಎಂದೂ ಹೇಳಿಲ್ಲ, ಈಗ ಬರೆಯುತ್ತಿದ್ದೇನೆ.

ಒಂದು ಗಂಟೆಗೆ ಮೂರನೇ ಬಟ್ಟಲು ತಾನಾಗಿಯೇ ಕುಸಿಯಿತು. ನಾವು ಕೆಳಗೆ ಚಹಾದಂಗಡಿಯಲ್ಲಿ ಉಪ್ಪು ಚಹಾಕ್ಕೆ ಗಿರ್ದಾ ರೊಟ್ಟಿ ಅದ್ದುತ್ತಿದ್ದೆವು. ಸದ್ದು ಬಂತು, ಆಮೇಲೆ ಗಾಳಿ, ಆಮೇಲೆ ಬಿಳಿ ಧೂಳು. ಇಡೀ ಬಟ್ಟಲು ಅಂಚಿನಿಂದ ಬುಡದವರೆಗೆ ಖಾಲಿ. ಉಲ್ರಿಕ್ ರೊಟ್ಟಿ ಕೆಳಗಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡ. ಅಂಗಡಿಯಲ್ಲಿದ್ದ ಬೇರೆ ತಂಡದವರೆಲ್ಲ ನಮ್ಮ ಮೇಜಿನ ಸುತ್ತ ಸೇರಿದರು. ಅಹದ್ ಕಾಕ ಕಂಗ್ರಿಯ ಕೆಂಡ ಕೆದಕುತ್ತ ಕೂತಿದ್ದವರು ಎದ್ದು ಬಂದರು. ಯಾಕೆ ಎಂದು ಅವರೂ ಕೇಳಲಿಲ್ಲ. ಕೇಳಿದ್ದು ಬೇರೆ.

"ಏನು ಕೇಳಿಸ್ತು ಮಗಳೇ?"

ಆಗ ನಾನು ಹೇಳಿದೆ, ಕಾಲಡಿ ಹಿಮ ಗುಂ ಅಂತು ಎಂದು. ನಮ್ಮಲ್ಲಿ ಆ ಸದ್ದಿನ ಅರ್ಥ ಗೊತ್ತಿಲ್ಲದವರಿಲ್ಲ. ಒಳಗಿನ ಪದರ ಕುಸಿದಾಗ ಟೊಳ್ಳು ಪೆಟ್ಟಿಗೆಯ ಮೇಲೆ ಮುಷ್ಟಿ ಗುದ್ದಿದ ಹಾಗೆ ಬರುವ ಸದ್ದು. ಅದು ಕೇಳಿದರೆ ಗುಂಡಿ ಏನೇ ಹೇಳಲಿ, ಇಳಿಯುವ ಮಾತೇ ಇಲ್ಲ.

ಹಿಮ ಗುಂ ಅನ್ನಲಿಲ್ಲ, ಇನ್ಶಾಳ ಅಪ್ಪ. ಏನೂ ಅನ್ನಲಿಲ್ಲ. ನನಗೆ ಏನೂ ಕೇಳಿಸಲಿಲ್ಲ. ನಾನು ಸುಳ್ಳು ಹೇಳಿದೆ.

ಇದನ್ನು ಬರೆದ ಮೇಲೆ ಎದ್ದು ಹೋಗಿ ಆಕಳಿಗೆ ಹುಲ್ಲು ಹಾಕಿ ಬಂದೆ. ಮುಂದೆ ಬರೆಯುತ್ತೇನೆ.

ಯಾವ ಸದ್ದೂ ಇಲ್ಲದೆ ಬೇಡ ಅಂದದ್ದೇಕೆ ಎಂದರೆ, ನನ್ನ ಬೀಕನ್. ಹಿಮದಡಿ ಸಿಕ್ಕಿದವರನ್ನು ಹುಡುಕಲು ಎದೆಗೆ ಕಟ್ಟಿಕೊಳ್ಳುವ ಆ ಯಂತ್ರದ ಬ್ಯಾಟರಿ ಇಳಿದಿತ್ತು. ಹಿಂದಿನ ರಾತ್ರಿ ಕರೆಂಟು ಹೋದಾಗ ಅತ್ತೆಯವರ ಟಾರ್ಚಿಗೆ ಅದರ ಬ್ಯಾಟರಿ ತೆಗೆದು ಹಾಕಿದ್ದೆ, ಬೆಳಿಗ್ಗೆ ಅವಸರದಲ್ಲಿ ಅದನ್ನೇ ವಾಪಸ್ ಹಾಕಿದೆ. ಗೊಂಡೋಲದ ಬಾಗಿಲಲ್ಲಿ ನೀವು ಪರೀಕ್ಷಿಸಿದಾಗ ಪೀಂ ಅಂತು, ನೀವು ಮುಂದೆ ಹೋದಿರಿ, ಅಂಕಿ ನೋಡಲಿಲ್ಲ. ಮೇಲೆ ನಾನು ನೋಡಿದಾಗ ನೂರಕ್ಕೆ ಇಪ್ಪತ್ತೆಂಟು. ಐವತ್ತಕ್ಕಿಂತ ಕಡಿಮೆಯಿದ್ದರೆ ಇಳಿಯಬಾರದು ಎಂದು ಅದೇ ಬೆಳಿಗ್ಗೆ ಸ್ವೀಡನ್ನಿನವರಿಗೆ ಪಾಠ ಮಾಡಿದವಳು ನಾನು. ಅವರೆದುರು ಹೇಳಿಕೊಳ್ಳಲು ಮುಖವಿರಲಿಲ್ಲ. ಬೇಡ ಅಂದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ ಎಂಬುದು ನೆನಪಾಯಿತು.

ಬಟ್ಟಲು ಕುಸಿದದ್ದು ಅದರ ಪಾಡಿಗೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಹನ್ನೊಂದೂಮುಕ್ಕಾಲಿಗೆ ಪಶ್ಚಿಮದ ಗಾಳಿ ಎದ್ದದ್ದು ನಿಮಗೂ ನೆನಪಿರಬೇಕು, ಮೇಲಿನ ಗೊಂಡೋಲ ಆಗಲೇ ನಿಲ್ಲಿಸಿದರು. ಏಣಿನ ಆಚೆಯ ಹಿಮವನ್ನೆಲ್ಲ ಆ ಗಾಳಿ ಗುಡಿಸಿ ತಂದು ಬಟ್ಟಲಿಗೆ ಸುರಿದಿದೆ. ನೀವು ಗುಂಡಿ ತೋಡಿದ್ದು ಹತ್ತೂವರೆಗೆ. ಹತ್ತೂವರೆಯ ಹಿಮವನ್ನು ನೀವು ಸರಿಯಾಗಿಯೇ ಓದಿದ್ದಿರಿ. ಇದನ್ನು ನಿಮಗೆ ಹತ್ತು ಜನ ಹೇಳಿದರು, ನೀವು ನಂಬಲಿಲ್ಲ. ನಂಬದಿರಲು ಕಾರಣ ನಾನು. ಗಾಳಿ ಏಳುವ ಮುಂಚೆಯೇ ಹಿಮ ಗುಂ ಅಂದಿದ್ದರೆ ಗಾಳಿಯ ಮೇಲೆ ಹೇಗೆ ತಪ್ಪು ಹೊರಿಸುವುದು? ನನ್ನಿಂದ ನಾಲ್ಕು ಮಾರು ದೂರದಲ್ಲಿ ನಿಂತಿದ್ದ ನಿಮಗೆ ಅದು ಯಾಕೆ ಕೇಳಿಸಲಿಲ್ಲ?

ಆ ಅಂಗಡಿಯಲ್ಲಿ ನಾನು ಆ ಮಾತು ಹೇಳಿದಾಗ ನಿಮ್ಮ ಮುಖ ನೋಡಿದ್ದೆ. ನೀವು ಚಹಾ ಬಟ್ಟಲನ್ನು ಕೆಳಗಿಟ್ಟು ಎಡಗಿವಿಯನ್ನು ಬೆರಳಿನಿಂದ ಉಜ್ಜಿದಿರಿ. ಅಲ್ಲಿಂದ ಶುರು. ಆ ವಾರವೇ ಶ್ರೀನಗರಕ್ಕೆ ಹೋಗಿ ಕಿವಿಯ ಡಾಕ್ಟರಿಗೆ ತೋರಿಸಿದಿರಿ. ಕಿವಿ ಚೆನ್ನಾಗಿದೆ ಎಂದರೂ ಮತ್ತೊಬ್ಬರ ಹತ್ತಿರ ಹೋದಿರಿ. ಇನ್ಶಾಳನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ಮೆಲ್ಲಗೆ ಮಾತಾಡಿಸಿ, ಕೇಳಿದ್ದನ್ನು ತಿರುಗಿ ಹೇಳುತ್ತಿದ್ದಿರಿ. ಅವಳು ಅದನ್ನು ಆಟ ಅಂದುಕೊಂಡಿದ್ದಳು. ಒಂದು ಬೆಳಿಗ್ಗೆ ನೀವು ಫೆರನ್ ನಿಲುವಂಗಿ ತೊಟ್ಟು ಹಿತ್ತಿಲ ಹಿಮದಲ್ಲಿ ನಿಂತು, ಕಾಲು ಅಪ್ಪಳಿಸಿ ಕಿವಿಗೊಡುವುದು, ಇನ್ನೊಂದು ಹೆಜ್ಜೆ ಇಟ್ಟು ಮತ್ತೆ ಅಪ್ಪಳಿಸುವುದು ಮಾಡುತ್ತಿದ್ದಿರಿ. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಕೈಯಲ್ಲಿ ಹಿಟ್ಟಿತ್ತು. ಬಾಗಿಲು ತೆರೆದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹಿಟ್ಟು ನಾದಿ ರೊಟ್ಟಿ ತಟ್ಟಿದೆ. ನಾನು ಮಾಡಿದ ತಪ್ಪುಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ, ಗುಂ ಅಂದದ್ದೂ ಅದಕ್ಕಿಂತ ಚಿಕ್ಕದೇ.

ಯಾಕೆ ಹೇಳಲಿಲ್ಲ? ಮೊದಲ ದಿನ ಹೆದರಿಕೆ. ಎರಡನೇ ದಿನದಿಂದ, ನಿಜ ಹೇಳಬೇಕೆಂದರೆ, ಸುಖ. ದಾರಿಯಲ್ಲಿ ಹೋದರೆ ಗೈಡುಗಳು ಸಲಾಮ್ ಹೇಳುತ್ತಿದ್ದರು. ನಮ್ಮ ಮದುವೆಗೆ ಬಂದು ಸ್ಕೀ ಹಾಕುವ ಸೊಸೆ ಎಂದು ಮೂಗು ಮುರಿದಿದ್ದ ಬಾಬಾರೇಶಿ ಊರಿನ ಚಿಕ್ಕಮ್ಮನೂ ಬಂದು ಕೈ ಹಿಡಿದು ಹೋದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮವರು. ನಾನು ಕರುವನ್ನೂ ತೋರಿಸಿಬಿಟ್ಟಿದ್ದೆ.

ಜನವರಿ ಇಪ್ಪತ್ತೇಳಕ್ಕೆ ನೀವು ಮುಂದಾಳಿನ ಸೀಟಿಯನ್ನೂ ಕೆಂಪು ಜಾಕೆಟನ್ನೂ ಅಹದ್ ಕಾಕರ ಮುಂದಿಟ್ಟು ಬಂದಿರಿ. ಆ ಸಂಜೆ ಬಾಗಿಲಲ್ಲಿ ಬೂಟು ಕಳಚುತ್ತ ನನಗೆ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ಹಿಮ ನನ್ ಜೊತೆ ಮಾತು ಬಿಟ್ಟಿದೆ, ಮುಬೀನಾ. ಮಾತು ಬಿಟ್ಟೋರ ಮನೆಗೆ ದಿನಾ ಹೋಗಿ ನಿಂತ್ಕೋಬಾರ್ದು." ಮೂರನೇ ದಿನ ಶಾಲಿನ ಗಂಟು ಹೊತ್ತು ಹೊರಟಿರಿ. ನಾನು ತಡೆಯಲಿಲ್ಲ, ದಾರಿಗೆ ವಾಲ್‌ನಟ್ ಕಟ್ಟಿಕೊಟ್ಟೆ.

ಅತ್ತೆ ಆಮೇಲಿಂದ ಒಂದೇ ರಾಗ ಹಾಡುತ್ತಿದ್ದಾರೆ. ಗಂಡಸು ಬೀದಿ ಬೀದಿ ಶಾಲು ಮಾರ್ತಾನೆ, ಹೆಂಗಸು ಬೆಟ್ಟ ಕಾಯ್ತಾಳೆ, ಚೆನ್ನಾಗಿದೆ ಸಂಸಾರ ಅನ್ನುತ್ತಾರೆ. ಅವರಿಗೆ ಉತ್ತರ ಕೊಡುವ ಹಕ್ಕು ನನಗಿಲ್ಲ ಎಂದು ಅವರಿಗೆ ಗೊತ್ತಿಲ್ಲ. ಆದ್ದರಿಂದ ಹೆಚ್ಚು ಕಡಿಮೆ ದಿನಾ ಉತ್ತರ ಕೊಡುತ್ತೇನೆ.

ನೀವು ಹೋದ ಮೇಲೆ ನಾಲ್ಕು ಸಲ ಮುಂದೆ ನಿಂತು ಇಳಿದೆ. ಬಚ್ಚಿಡುವುದಿಲ್ಲ, ತುಂಬ ಚೆನ್ನಾಗಿತ್ತು. ಮುಂದೆ ಒಂದು ಗೆರೆಯೂ ಇಲ್ಲ, ಸ್ಕೀಯ ಮೂತಿ ಹಿಮದೊಳಗಿಂದ ಏಳುತ್ತದೆ, ಮುಳುಗುತ್ತದೆ, ಯಾವ ಸದ್ದೂ ಇಲ್ಲ. ಕೆಳಗೆ ನಿಂತು ತಿರುಗಿ ನೋಡಿದರೆ ಅಷ್ಟು ಅಗಲದ ಬೆಟ್ಟದ ಮೇಲೆ ನನ್ನದೊಂದೇ ಗೆರೆ. ನೀವು ಪ್ರತಿ ಸಲ ಕೆಳಗೆ ಮುಟ್ಟಿದ ಮೇಲೆ ಸುಮ್ಮನೆ ನಗುತ್ತ ಯಾಕೆ ನಿಂತಿರುತ್ತಿದ್ದಿರಿ ಎಂದು ಆಗ ತಿಳಿಯಿತು. ಐದನೇ ಸಲ, ಹೋದ ಗುರುವಾರ, ಅಂಚಿನಲ್ಲಿ ನಿಂತು ಎಲ್ಲರ ಮಾತು ಕೇಳಿದೆ. ಬಾಲದಲ್ಲಿ ಪರ್ವೇಜ್ ಇದ್ದ. ಅವನು ಹಿಮದ ಕಡೆ ನೋಡಲೇ ಇಲ್ಲ, ನನ್ನ ಕಾಲಿನ ಕಡೆ ನೋಡಿದ. ನಿಮಗೆ ಏನೂ ಕೇಳಿಸದಿದ್ದರೆ ನನಗೂ ಸರಿ ಅಂದ. ಹತ್ತು ಚಳಿಗಾಲ ಕಂಡ ಗೈಡು, ಸ್ವಂತ ಕಣ್ಣು ಮುಚ್ಚಿಕೊಂಡು ನನ್ನ ಕಾಲಿಗೆ ಕಿವಿ ಇದೆ ಎಂದು ನಂಬಿ ಇಳಿಯಲು ನಿಂತಿದ್ದ. ಅವತ್ತು ಎಲ್ಲರನ್ನೂ ವಾಪಸ್ ಕರೆತಂದೆ, ಮತ್ತೆ ಮೇಲೆ ಹೋಗಿಲ್ಲ. ಬೆನ್ನುನೋವು ಎಂದು ಹೇಳಿದ್ದೇನೆ. ಅದೂ ಸುಳ್ಳೇ.

ಆದ್ದರಿಂದ ಶನಿವಾರ ಸಭೆಯಲ್ಲಿ ಎದ್ದು ನಿಂತು ಹೇಳುತ್ತೇನೆ. ಸದ್ದು ಬರಲಿಲ್ಲ, ಬ್ಯಾಟರಿ ಇಳಿದಿತ್ತು, ನನ್ನ ಗಂಡ ಗೌಹರ್ ಖಾಂಡೆಯ ಗುಂಡಿ ಸರಿಯಾಗಿತ್ತು ಎಂದು. ಏನಾಗುತ್ತದೆ ಎಂದು ನನಗೆ ಗೊತ್ತು. ಸೋದರಮಾವನ ಮಗನ ಮದುವೆಯ ಊಟ ತಪ್ಪುತ್ತದೆ ಎಂದು ಬೇಡ ಅಂದು ತಂಡವನ್ನು ವಾಪಸ್ ತಂದ ರಸೂಲ್‌ನನ್ನು ಎರಡು ವರ್ಷ ಯಾರೂ ಜೊತೆಗೆ ಕರೆಯಲಿಲ್ಲ. ಅವನು ತಿಂದದ್ದು ಒಂದು ಊಟ, ನಾನು ನಿಮ್ಮ ಅನ್ನ ತಿಂದಿದ್ದೇನೆ. ಬಾಲದ ಜಾಗವೂ ಉಳಿಯಲಿಕ್ಕಿಲ್ಲ. ಇನ್ನೊಂದು ಹೆಣ್ಣುಮಗಳು ಗೈಡ್ ಆಗುತ್ತೇನೆ ಅಂದಾಗ ನನ್ನ ಹೆಸರು ಹೇಳಿ ಬಾಗಿಲು ಹಾಕುತ್ತಾರೆ, ಅದೇ ನನಗೆ ಹೆಚ್ಚು ನೋವು. ಆದರೂ ಹೇಳುತ್ತೇನೆ.

ನೀವು ಬನ್ನಿ ಎಂದು ಕೇಳುವ ಮುಖ ನನಗಿಲ್ಲ. ಬೆಟ್ಟಕ್ಕೆ ಬನ್ನಿ ಎಂದು ಮಾತ್ರ ಕೇಳುತ್ತೇನೆ. ಮನೆಗೆ ಬರುವುದು ಬಿಡುವುದು ನಿಮಗೆ ಬಿಟ್ಟದ್ದು, ಅಹದ್ ಕಾಕರ ಮನೆಯಲ್ಲಿ ನಿಮಗೊಂದು ಹಾಸಿಗೆ ಯಾವಾಗಲೂ ಇದೆ. ಮಾರ್ಚ್ ಅರ್ಧದವರೆಗೂ ಈ ಸಲ ಹಿಮ ನಿಲ್ಲುತ್ತದೆ ಅನ್ನುತ್ತಾರೆ. ನಿಮ್ಮ ಕಿವಿ ಚೆನ್ನಾಗಿದೆ. ಆ ದಿನ ಅಲ್ಲಿ ಕೇಳಿಸುವಂಥದ್ದು ಏನೂ ಇರಲಿಲ್ಲ.

ಇನ್ಶಾಗೆ ಕೆಳಗಿನ ಎರಡು ಹಲ್ಲು ಬಿದ್ದಿವೆ. ನಿಮಗೆ ತೋರಿಸಲು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆ.

ನಿಮ್ಮ
ಮುಬೀನಾ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಓದಿ ನೋಡಿದೆ. ಬ್ಯಾಟರಿಯ ಮಾತು ಓದುವಾಗಲೇ ನಿಮಗೆ ಅನುಮಾನ ಬಂದಿರುತ್ತದೆ. ಡಿಸೆಂಬರಿನಲ್ಲಿ ನನ್ನ ಬೆನ್ನುಚೀಲದ ಮೇಲ್ಜೇಬಿಗೆ ಹೊಸ ಬ್ಯಾಟರಿಯ ಪ್ಯಾಕೆಟ್ ಹಾಕಿದ್ದು ನೀವೇ. ಅದು ಅಲ್ಲೇ ಇತ್ತು, ನನಗೆ ಗೊತ್ತಿತ್ತು, ಎರಡು ನಿಮಿಷದ ಕೆಲಸ. ಸಂಘಕ್ಕೆ ಬ್ಯಾಟರಿ ಎಂದೇ ಹೇಳುತ್ತೇನೆ, ನನ್ನನ್ನು ಹೊರಗೆ ಹಾಕಲು ಅಷ್ಟು ಸಾಕು. ನಿಜವಾದದ್ದು ನಿಮಗೆ ಮಾತ್ರ. ಹನ್ನೊಂದು ವರ್ಷ ನೀವು ನನ್ನ ಮಾತು ಕೇಳಿದ್ದು ಬೂಟು ಸಿಕ್ಕಿಸುತ್ತಲೇ. ನಾನು ಹೂಂ ಅನ್ನುವ ಮುಂಚೆಯೇ ಹೊರಟಿರುತ್ತಿದ್ದಿರಿ. ಆ ನಾಲ್ವರ ಮುಖ ನೋಡಿ ಕೇಳಿದಿರಿ, ನಿನ್ನೆ ಮೊನ್ನೆ ಬಂದವರು ಅವರು. ನನ್ನ ಸರದಿ ಬಂದಾಗ ಮತ್ತೆ ಬೂಟಿನ ಕಡೆ ಬಗ್ಗಿದಿರಿ. ಒಂದು ಸಲವಾದರೂ ತಲೆ ಎತ್ತಲಿ ಎಂದು ಬೇಡ ಅಂದೆ, ಅಷ್ಟೇ. ತಲೆ ಎತ್ತಿದಿರಿ, ನನ್ನನ್ನೇ ನೋಡಿದಿರಿ, ನಾನು ಹೇಳಿದ್ದನ್ನು ಪೂರ್ತಿ ನಂಬಿದಿರಿ. ಅಷ್ಟು ನಂಬುತ್ತೀರಿ ಎಂದು ನನಗೆ ಗೊತ್ತಿರಲಿಲ್ಲ.